ನಿಮ್ಮ ಪ್ಯಾನ್ ಖಾತೆಯಲ್ಲಿ ಯಾರ ಇಮೇಲ್ ಇದೆ?

ಮಾನ್ಯ ಸಂಪಾದಕರೇ,

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕಾಲ ಬಂತೆಂದರೆ ಕಾಸರಗೋಡಿನ ಪಿಂಚಣಿದಾರರು, ಅಡಿಕೆ ಬೆಳೆಗಾರರು, ಗಲ್ಫ್‌ನಿಂದ ಮರಳಿದವರ ಮೊಬೈಲುಗಳಿಗೆ ‘ನಿಮ್ಮ ರಿಫಂಡ್ ಮಂಜೂರಾಗಿದೆ’, ‘ನಿಮ್ಮ ಪ್ಯಾನ್ ಇಂದು ರಾತ್ರಿ ಸ್ಥಗಿತವಾಗಲಿದೆ’ ಎಂಬ ಮೇಲ್‌ಗಳು ಸಾಲುಗಟ್ಟುತ್ತವೆ. ಲಿಂಕ್ ಒತ್ತಬೇಡಿ, ಒಟಿಪಿ ಹೇಳಬೇಡಿ ಎಂಬ ಎಚ್ಚರಿಕೆ ಎಲ್ಲರ ಕಿವಿಗೂ ಬಿದ್ದಿದೆ. ಆದರೂ ಹಣ ಹೋಗುತ್ತಲೇ ಇದೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಒಂದು ಹೆಚ್ಚಿನ ಕಾರಣವೂ ಇದೆ. ಇಲಾಖೆಯ ಮೇಲ್ ಬರುವುದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಕಚೇರಿಯ ವ್ಯವಹಾರ ಮಲಯಾಳದಲ್ಲಿ, ಮನೆಯ ಮಾತು ಕನ್ನಡವೋ ತುಳುವೋ. ಹಾಗಾಗಿ ಮೇಲ್ ಬಂದೊಡನೆ ಫೋನು ಆಚೆಮನೆಯ ಹುಡುಗನ ಕೈಗೋ ಜೆರಾಕ್ಸ್ ಅಂಗಡಿಗೋ ಹೋಗುತ್ತದೆ. ಓದಿಹೇಳಿದವರೇ ಲಿಂಕನ್ನೂ ಒತ್ತಿಕೊಡುತ್ತಾರೆ, ಒಟಿಪಿಯನ್ನೂ ನೋಡಿ ಹಾಕಿಕೊಡುತ್ತಾರೆ. ಅವರಲ್ಲಿ ಹೆಚ್ಚಿನವರದು ಒಳ್ಳೆಯ ಮನಸ್ಸೇ. ಆದರೆ ಹಣ ಸೋರುವ ತೂತು ಅಲ್ಲೇ ಇದೆ. ಆ ಕುರಿತು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ರಿಫಂಡಿನ ಮೇಲ್. ಬ್ಯಾಂಕ್ ಠೇವಣಿಯ ಬಡ್ಡಿಯಿಂದ ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಡಿತವಾದ ಹಿರಿಯರಿಗೆ ನಿಜಕ್ಕೂ ರಿಫಂಡ್ ಬರುವುದಿರುತ್ತದೆ. ‘ನಿಮ್ಮ ರಿಫಂಡ್ ಬ್ಯಾಂಕಿನಿಂದ ವಾಪಸಾಗಿದೆ, ಖಾತೆಯ ವಿವರ ಸರಿಪಡಿಸಿ’ ಎಂಬ ಒಕ್ಕಣೆ ನಮ್ಮವರಿಗೆ ಮತ್ತೂ ಸಹಜವಾಗಿ ಕಾಣುತ್ತದೆ. ಏಕೆಂದರೆ ಇಲ್ಲಿ ಹಳೆಯ ಖಾತೆಗಳು ಇದ್ದದ್ದು ಹೆಚ್ಚಾಗಿ ಕರಾವಳಿಯಲ್ಲೇ ಹುಟ್ಟಿದ ಬ್ಯಾಂಕುಗಳಲ್ಲಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಶಾಖೆಯ ಗುರುತು ಸಂಕೇತವಾದ ಐಎಫ್‌ಎಸ್‌ಸಿ ಬದಲಾಯಿತು, ಕೆಲವರ ಖಾತೆ ಸಂಖ್ಯೆಯೂ ಬದಲಾಯಿತು. ಹಳೆಯ ಸಂಖ್ಯೆಯೇ ಆದಾಯ ತೆರಿಗೆ ಇಲಾಖೆಯ ಪೋರ್ಟಲಿನಲ್ಲಿ ಉಳಿದುಕೊಂಡಿದ್ದರೆ ರಿಫಂಡ್ ನಿಜವಾಗಿಯೂ ವಾಪಸಾಗುತ್ತದೆ. ವಂಚಕರಿಗೆ ನಿಮ್ಮ ಖಾತೆಯ ಸಂಗತಿ ಗೊತ್ತಿರಬೇಕೆಂದಿಲ್ಲ. ಸಾವಿರ ಜನರಿಗೆ ಒಂದೇ ಮೇಲ್ ಕಳಿಸಿದರೆ ಹತ್ತು ಜನರ ಮಟ್ಟಿಗಾದರೂ ಅದು ಸರಿಹೊಂದುತ್ತದೆ.

ನಿಜವಾದ ರಿಫಂಡ್ ಹೋಗುವುದು ಪೋರ್ಟಲಿನಲ್ಲಿ ಮೊದಲೇ ದೃಢೀಕರಿಸಿ, ರಿಫಂಡಿಗೆಂದು ಗುರುತು ಹಾಕಿಟ್ಟ ಬ್ಯಾಂಕ್ ಖಾತೆಗೆ ಮಾತ್ರ. ಆ ಖಾತೆಗೆ ಪ್ಯಾನ್ ಜೋಡಣೆಯಾಗಿರಬೇಕು. ರಿಫಂಡ್ ಕೊಡಲು ಇಲಾಖೆಗೆ ಡೆಬಿಟ್ ಕಾರ್ಡಿನ ಸಂಖ್ಯೆ, ಸಿವಿವಿ, ಪಿನ್, ಯುಪಿಐ ಪಿನ್ ಯಾವುದೂ ಬೇಡ, ಮುಂಗಡ ‘ಸಂಸ್ಕರಣಾ ಶುಲ್ಕ’ ಎಂಬುದೂ ಇಲ್ಲ. ರಿಫಂಡ್ ವಾಪಸಾಗಿದೆಯೇ ಎಂಬ ಸಂಶಯ ಬಂದರೆ ಪೋರ್ಟಲಿಗೆ ನೀವೇ ಲಾಗಿನ್ ಆಗಿ, ಪ್ರೊಫೈಲ್‌ನಲ್ಲಿ ‘ಮೈ ಬ್ಯಾಂಕ್ ಅಕೌಂಟ್’ ತೆರೆಯಿರಿ. ಹಳೆಯ ಖಾತೆ ತೆಗೆದು ಈಗಿನ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಸೇರಿಸಿ ದೃಢೀಕರಣಕ್ಕೆ ಕೊಡಿ. ಬ್ಯಾಂಕಿನ ದಾಖಲೆಯಲ್ಲೂ ಪ್ಯಾನ್ ದಾಖಲೆಯಲ್ಲೂ ಹೆಸರು ಒಂದೇ ರೀತಿ ಇಲ್ಲದಿದ್ದರೆ ದೃಢೀಕರಣ ಬಿದ್ದುಹೋಗುತ್ತದೆ. ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ತಂದೆಯ ಪೂರ್ತಿ ಹೆಸರು, ಮತ್ತೊಂದು ಕಡೆ ಮನೆತನದ ಹೆಸರು ಬರೆಸುವ ನಮ್ಮ ಕಡೆಯವರಿಗೆ ಈ ತಾಪತ್ರಯ ಹೆಚ್ಚು. ದೃಢೀಕರಣವಾದ ಮೇಲೆ ‘ಸರ್ವಿಸಸ್’ ಅಡಿಯಲ್ಲಿ ‘ರಿಫಂಡ್ ರೀಇಶ್ಯೂ’ ಕೋರಿಕೆ ಸಲ್ಲಿಸಿದರಾಯಿತು. ಮೇಲ್‌ನಲ್ಲಿರುವ ಲಿಂಕಿನ ಕೆಲಸ ಇದರಲ್ಲಿ ಎಲ್ಲಿಯೂ ಬರುವುದಿಲ್ಲ.

ವಿಳಾಸ ಓದುವ ಕ್ರಮವನ್ನು ಕಲಿತವರು ಕಡಿಮೆ. ಪೋರ್ಟಲಿನ ವಿಳಾಸ ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್. ‘ಗವ್’ ಎಂದರೆ ಜಿ, ಒ, ವಿ ಎಂಬ ಮೂರೇ ಅಕ್ಷರ. ಲಿಂಕನ್ನು ಒತ್ತದೆ ಬೆರಳನ್ನು ಅದರ ಮೇಲೆ ಸ್ವಲ್ಪ ಹೊತ್ತು ಹಿಡಿದರೆ ಪೂರ್ತಿ ವಿಳಾಸ ಕಾಣುತ್ತದೆ. ಅದರಲ್ಲಿ ಮೊದಲ ಒಂಟಿ ಓರೆಗೆರೆಯನ್ನು (/) ಗುರುತಿಸಿ, ಅಲ್ಲಿಂದ ಎಡಕ್ಕೆ ಹಿಂದೆ ಓದಿಕೊಂಡು ಬನ್ನಿ. ಓರೆಗೆರೆಗೆ ಅಂಟಿಕೊಂಡಂತೆ ‘ಗವ್ ಡಾಟ್ ಇನ್’ ಇರಬೇಕು. ವಿಳಾಸದ ಆರಂಭದಲ್ಲಿ ‘ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್’ ಎಂದೇ ಬರೆದು, ಅದರ ಬಾಲಕ್ಕೆ ಇನ್ನೊಂದು ಹೆಸರು ಮತ್ತು ‘ಡಾಟ್ ಕಾಮ್’ ಸೇರಿಸಿದ್ದರೆ ಆ ತಾಣ ಬಾಲದವನದು, ತಲೆಯವನದಲ್ಲ. ಚುಕ್ಕಿಯ ಜಾಗದಲ್ಲಿ ಅಡ್ಡಗೆರೆ ಹಾಕುವುದು ಇನ್ನೊಂದು ಉಪಾಯ. ವಿಳಾಸದ ಪಕ್ಕದ ಬೀಗದ ಚಿತ್ರ ನೋಡಿ ಸಮಾಧಾನಪಡಬೇಡಿ. ನಡುದಾರಿಯಲ್ಲಿ ಇನ್ನೊಬ್ಬರು ಓದಲಾರರು ಎಂಬುದಷ್ಟೇ ಅದರ ಅರ್ಥ. ಅತ್ತ ಕುಳಿತವನು ಕಳ್ಳನೋ ಸಾಚಾನೋ ಎಂಬುದನ್ನು ಆ ಬೀಗ ಹೇಳುವುದಿಲ್ಲ. ಕಳುಹಿಸಿದವರ ವಿಳಾಸ ಸರಿಯಾಗಿ ಕಂಡರೂ ಅದನ್ನೇ ಸಾಕ್ಷಿ ಎನ್ನುವಂತಿಲ್ಲ, ಲಕೋಟೆಯ ಹಿಂಬದಿಗೆ ಯಾರ ಹೆಸರನ್ನಾದರೂ ಬರೆದು ಅಂಚೆಗೆ ಹಾಕಬಹುದಲ್ಲ! ಹಾಗಾಗಿ ನಾವು ಹೇಳುವುದು ಒಂದೇ: ಮೇಲ್ ಸಾಚಾವೋ ಸುಳ್ಳೋ ಎಂದು ಮೇಲ್‌ನೊಳಗೇ ಹುಡುಕುತ್ತ ಕೂರಬೇಡಿ. ಅದನ್ನು ಮುಚ್ಚಿ, ವಿಳಾಸವನ್ನು ಕೈಯಾರೆ ಟೈಪ್ ಮಾಡಿ ಪೋರ್ಟಲಿಗೆ ಹೋಗಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದನ್ನು ಒತ್ತುವುದೂ ಬೇಡ, ಮೊದಲು ಕಾಣುವುದು ಹಣ ಕೊಟ್ಟು ಹಾಕಿಸಿದ ಜಾಹೀರಾತೂ ಆಗಿರಬಹುದು.

ಇದಕ್ಕೆ ಒಂದು ಅಪವಾದವಿದೆ. ಪ್ಯಾನ್ ತಿದ್ದುಪಡಿಯ ಕೆಲಸ ಮಾಡುವ ಪ್ರೋಟಿಯನ್ ಮತ್ತು ಯುಟಿಐಐಟಿಎಸ್‌ಎಲ್ ಸಂಸ್ಥೆಗಳ ತಾಣಗಳು ಗವ್ ಡಾಟ್ ಇನ್ ಎಂದು ಮುಗಿಯುವುದಿಲ್ಲ. ಈ ಎಡೆಯಲ್ಲೇ ನಕಲಿ ಪ್ಯಾನ್ ತಾಣಗಳು ನುಸುಳುತ್ತವೆ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಪ್ಯಾನ್ 2.0 ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ ‘ಹೊಸ ಇ-ಪ್ಯಾನ್ ಇಳಿಸಿಕೊಳ್ಳಿ’ ಎಂಬ ಸುಳ್ಳು ಮೇಲ್‌ಗಳು ಹಬ್ಬಿದ್ದವು. ಹಳೆಯ ಕಾರ್ಡುಗಳು ಹಾಗೆಯೇ ಸಿಂಧು, ಹೊಸದಕ್ಕೆ ಅರ್ಜಿ ಹಾಕಬೇಕಿಲ್ಲ ಎಂದು ಇಲಾಖೆ ಆಗಲೇ ಸ್ಪಷ್ಟಪಡಿಸಿದೆ. ಪ್ಯಾನ್-ಆಧಾರ್ ಜೋಡಣೆಯ ಬೆದರಿಕೆಯೂ ಇದೇ ಜಾತಿಯದು. ಜೋಡಣೆಯಾಗಿದೆಯೇ ಎಂಬುದನ್ನು ಪೋರ್ಟಲಿನ ಮುಖಪುಟದಲ್ಲಿ ‘ಲಿಂಕ್ ಆಧಾರ್ ಸ್ಟೇಟಸ್’ ಒತ್ತಿ, ಲಾಗಿನ್ ಇಲ್ಲದೆಯೇ ನೋಡಬಹುದು. ಅನಿವಾಸಿಗಳಿಗೆ ಈ ಜೋಡಣೆ ಕಡ್ಡಾಯವಲ್ಲ. ಆದರೆ ಪ್ಯಾನ್ ದಾಖಲೆಯಲ್ಲಿ ಅನಿವಾಸಿ ಎಂದು ಬರೆಸಿಲ್ಲದ ಗಲ್ಫ್‌ನವರ ಪ್ಯಾನ್ ನಿಷ್ಕ್ರಿಯ ಎಂದು ತೋರಿಸುವುದುಂಟು. ಅದನ್ನು ಇಲಾಖೆಯೊಡನೆ ಸರಿಪಡಿಸಿಕೊಳ್ಳಬೇಕೇ ಹೊರತು ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕಿನಲ್ಲಲ್ಲ. ಭೂತೆರಿಗೆ, ಪಂಚಾಯತಿನ ಕಟ್ಟಡ ತೆರಿಗೆಯ ಹೆಸರಲ್ಲಿ ಬರುವ ಲಿಂಕಿಗೂ ಇದೇ ನಿಯಮ: ಕೇರಳ ಸರಕಾರದ ಪಾವತಿ ತಾಣಗಳೂ ಗವ್ ಡಾಟ್ ಇನ್ ಎಂದೇ ಮುಗಿಯುತ್ತವೆ. ಸಂಶಯವಿದ್ದರೆ ವಿಲೇಜ್ ಆಫೀಸಿನಲ್ಲಿ ಕೇಳಬಹುದು.

ಹಾಗೆಂದು ಎಲ್ಲ ಮೇಲ್‌ಗಳನ್ನೂ ಸುಳ್ಳೆಂದು ಅಳಿಸಿಬಿಟ್ಟರೆ ಅದೂ ಎಡವಟ್ಟೇ. ರಿಟರ್ನ್‌ನಲ್ಲಿ ದೋಷವಿದೆ ಎಂಬ ನೋಟಿಸಿಗೆ ಸಾಮಾನ್ಯವಾಗಿ 15 ದಿನದಲ್ಲಿ ಉತ್ತರಿಸಬೇಕು. ತಪ್ಪಿದರೆ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂದಾಗಬಹುದು. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಜಮೆಯಾದರೆ ಬ್ಯಾಂಕು ಇಲಾಖೆಗೆ ತಿಳಿಸುತ್ತದೆ. ಅಡಿಕೆ ಮಾರಿದ ಹಣ ಕೃಷಿ ಆದಾಯವಾದ್ದರಿಂದ ತೆರಿಗೆ ಇಲ್ಲದಿರಬಹುದು, ಆದರೆ ‘ಇದು ಎಲ್ಲಿಂದ ಬಂತು’ ಎಂಬ ಪ್ರಶ್ನೆ ಬಂದಾಗ ಉತ್ತರ ಕೊಡದೆ ಇರುವಂತಿಲ್ಲ. ಮಾರಾಟದ ಬಿಲ್ಲುಗಳನ್ನು ಎತ್ತಿಡುವುದು ಇದಕ್ಕೇ.

ನಿಜವಾದ ನೋಟಿಸನ್ನು ಗುರುತಿಸಲು ಸುಲಭದ ದಾರಿ ಇದೆ. 2019ರ ಅಕ್ಟೋಬರ್ 1ರಿಂದ ಇಲಾಖೆ ಕಳಿಸುವ ಪತ್ರಗಳಿಗೆ ಡಿಐಎನ್ ಎಂಬ ಗುರುತು ಸಂಖ್ಯೆ ಇರಲೇಬೇಕು. ಪೋರ್ಟಲಿನ ಮುಖಪುಟದಲ್ಲಿ ನೋಟಿಸಿನ ಸತ್ಯಾಸತ್ಯ ಪರೀಕ್ಷಿಸುವ ಕೊಂಡಿ ಇದೆ. ಅಲ್ಲಿ ಆ ಸಂಖ್ಯೆ ಹಾಕಿದರೆ ಅದು ಇಲಾಖೆ ಹೊರಡಿಸಿದ್ದೋ ಅಲ್ಲವೋ ತಿಳಿಯುತ್ತದೆ. ಲಾಗಿನ್ ಆಗಿ ‘ಪೆಂಡಿಂಗ್ ಆ್ಯಕ್ಷನ್ಸ್’ ನೋಡುವುದು ಇನ್ನೂ ಒಳ್ಳೆಯದು. ಬಾಕಿ ಇದೆ ಎಂದರೆ ಅಲ್ಲಿ ಬಾಕಿ ಕಾಣಬೇಕು, ನೋಟಿಸ್ ಇದೆ ಎಂದರೆ ಅಲ್ಲಿ ನೋಟಿಸ್ ಸಿಗಬೇಕು. ರಿಟರ್ನ್ ಪರಿಶೀಲಿಸಿ ಬೆಂಗಳೂರಿನ ಕೇಂದ್ರ ಕಳಿಸುವ ತಿಳಿವಳಿಕೆ ಪತ್ರದ ಪಿಡಿಎಫ್‌ಗೆ ಬೀಗವಿರುತ್ತದೆ. ಸಣ್ಣಕ್ಷರದಲ್ಲಿ ಪ್ಯಾನ್, ಅದರ ಬೆನ್ನಿಗೆ ಎಂಟಂಕಿಯ ಜನ್ಮದಿನಾಂಕ ಹಾಕಿದರೆ ಅದು ತೆರೆಯುತ್ತದೆ. ಬೀಗವೇ ಇಲ್ಲದ ‘ತಿಳಿವಳಿಕೆ ಪತ್ರ’ ಬಂದರೆ ಅನುಮಾನಿಸಿ. ತೆರಿಗೆ ಕಟ್ಟಬೇಕಾಗಿ ಬಂದರೂ ಪೋರ್ಟಲಿನ ‘ಇ-ಪೇ ಟ್ಯಾಕ್ಸ್’ನಲ್ಲಿ ಚಲನ್ ಸಂಖ್ಯೆ ಹುಟ್ಟಿದ ಮೇಲೆಯೇ ಹಣ ಹೋಗುವುದು. ‘ಅಧಿಕಾರಿ’ಯ ಯುಪಿಐಗೆ ಕಟ್ಟುವ ತೆರಿಗೆ ಎಂಬುದು ಇಲ್ಲ. ಹಳೆಯ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ, ಕಲಮುಗಳ ಸಂಖ್ಯೆಗಳೆಲ್ಲ ಅದಲು ಬದಲಾಗಿವೆ. ಆದ್ದರಿಂದ ಕಲಮಿನ ಸಂಖ್ಯೆಯ ಗಾಂಭೀರ್ಯ ನೋಡಿ ಹೆದರುವುದಾಗಲಿ, ಪರಿಚಿತ ಸಂಖ್ಯೆ ಇಲ್ಲವೆಂದು ನಿಜವಾದ ನೋಟಿಸನ್ನು ಬದಿಗಿಡುವುದಾಗಲಿ ಬೇಡ.

ಮೇಲ್‌ಗಿಂತಲೂ ಭಯಂಕರವಾದದ್ದು ಅದರ ಜೊತೆಗೆ ಬರುವ ಎಪಿಕೆ ಕಡತ, ಅಂದರೆ ಒತ್ತಿದರೆ ಫೋನಿನಲ್ಲಿ ಆ್ಯಪ್ ಕೂರಿಸುವ ಕಡತ. ಡ್ರಿನಿಕ್ ಎಂಬ ಕುತಂತ್ರಾಂಶದ ಬಗ್ಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2021ರ ಸೆಪ್ಟೆಂಬರಿನಲ್ಲಿ ಎಚ್ಚರಿಸಿತ್ತು. 27 ಬ್ಯಾಂಕುಗಳ ಗ್ರಾಹಕರು ಅದರ ಗುರಿಯಾಗಿದ್ದರು. ಆದಾಯ ತೆರಿಗೆ ಇಲಾಖೆಯ ಆ್ಯಪ್‌ನಂತೆ ನಟಿಸಿ, ಎಸ್‌ಎಂಎಸ್, ಕರೆ, ಸಂಪರ್ಕ ಪಟ್ಟಿ ನೋಡುವ ಅನುಮತಿ ಕೇಳುತ್ತದೆ. ಆಮೇಲೆ ಪ್ಯಾನ್, ಆಧಾರ್, ಖಾತೆ, ಕಾರ್ಡ್, ಪಿನ್ ಎಲ್ಲವನ್ನೂ ಬರೆಸಿಕೊಂಡು, ಕೊನೆಗೆ ರಿಫಂಡ್ ಮೊತ್ತ ಹಾಕಿಸಿ, ‘ದೋಷವಾಗಿದೆ, ಅಪ್‌ಡೇಟ್ ಆಗುತ್ತಿದೆ’ ಎಂಬ ಸುಳ್ಳು ಪರದೆ ತೋರಿಸುತ್ತ ಕೂರಿಸುತ್ತದೆ. ಅತ್ತ ಹಣ ಎತ್ತುವ ಕೆಲಸ ನಡೆಯುವುದು ಆ ಹೊತ್ತಿನಲ್ಲಿ. ಎಸ್‌ಎಂಎಸ್ ಓದುವ ಅನುಮತಿ ಕೊಟ್ಟ ಮೇಲೆ ‘ನಾನು ಯಾರಿಗೂ ಒಟಿಪಿ ಹೇಳಿಲ್ಲ’ ಎಂಬ ಮಾತಿಗೆ ಅರ್ಥವಿಲ್ಲ, ಅದು ತಾನೇ ಓದಿಕೊಂಡಿರುತ್ತದೆ. ಈಗ ಬರುವ ಕಡತಗಳ ಹೆಸರು ಬೇರೆ, ವಿಧಾನ ಅದೇ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ತೆರೆದು, ವಾಟ್ಸ್‌ಆ್ಯಪ್, ಜಿಮೇಲ್, ಕ್ರೋಮ್ ಮೂರರ ಅನುಮತಿಯನ್ನೂ ತೆಗೆದುಹಾಕಿ. ಮನೆಯ ಹಿರಿಯರ ಫೋನಿನಲ್ಲಿ ಇದನ್ನು ಇವತ್ತೇ ಮಾಡಬಹುದು, ಎರಡು ನಿಮಿಷದ ಕೆಲಸ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ರಿಟರ್ನ್ ಮಾಡಿಸಿಕೊಂಡವರಲ್ಲಿ ಎಷ್ಟು ಜನ ತಮ್ಮ ಪ್ರೊಫೈಲ್‌ನಲ್ಲಿ ಯಾರ ಇಮೇಲ್, ಯಾರ ಮೊಬೈಲ್ ಸಂಖ್ಯೆ ಇದೆ ಎಂದು ನೋಡಿದ್ದಾರೆ? ಇಮೇಲ್ ಇಲ್ಲದವರಿಗೆ ರಿಟರ್ನ್ ಮಾಡಿಕೊಟ್ಟವರು ತಮ್ಮದನ್ನೇ ಹಾಕಿರುತ್ತಾರೆ, ಇಲ್ಲವೇ ಆ ಹೊತ್ತಿಗೆ ಒಂದನ್ನು ಸೃಷ್ಟಿಸಿ ಬಿಟ್ಟುಬಿಟ್ಟಿರುತ್ತಾರೆ. ತೆರಿಗೆ ತಗ್ಗಿಸಲು ತೋರಿಸುವ ಸುಳ್ಳು ಕಡಿತಗಳ ವಿರುದ್ಧ 2025ರ ಜುಲೈಯಲ್ಲಿ ದೇಶದಾದ್ಯಂತ 150 ಕಡೆ ಶೋಧ ನಡೆಸಿದ ಇಲಾಖೆ ಇದನ್ನೇ ಹೇಳಿತ್ತು: ಸಗಟಾಗಿ ರಿಟರ್ನ್ ಸಲ್ಲಿಸುವುದಕ್ಕೆಂದೇ ತಾತ್ಕಾಲಿಕ ಇಮೇಲ್ ವಿಳಾಸಗಳನ್ನು ಹುಟ್ಟಿಸಿ ಆಮೇಲೆ ಕೈಬಿಡುತ್ತಾರೆ, ಇಲಾಖೆಯ ನೋಟಿಸುಗಳು ಓದುವವರಿಲ್ಲದೆ ಅಲ್ಲೇ ಬಿದ್ದಿರುತ್ತವೆ. ‘ರಿಫಂಡಿನಲ್ಲಿ ಇಂತಿಷ್ಟು ಪಾಲು ಕೊಟ್ಟರೆ ಸಾಕು’ ಎನ್ನುವವರು ಇಲ್ಲದ ವಂತಿಗೆ, ಇಲ್ಲದ ಮನೆಬಾಡಿಗೆ ತೋರಿಸಿ ರಿಫಂಡ್ ತರುತ್ತಾರೆ. ಪಾಲು ಅವರದು, ಬಡ್ಡಿ-ದಂಡ ಪ್ಯಾನ್ ಇದ್ದವರದು.

ಸರಿಪಡಿಸುವುದು ಕಷ್ಟವಲ್ಲ. ಲಾಗಿನ್ ಆಗಿ ‘ಮೈ ಪ್ರೊಫೈಲ್’ನಲ್ಲಿ ಸಂಪರ್ಕ ವಿವರ ತೆರೆದು, ಮೊದಲ ಸಾಲಿನಲ್ಲಿ ನಿಮ್ಮದೇ ಮೊಬೈಲ್, ನಿಮ್ಮದೇ ಇಮೇಲ್ ಹಾಕಿ. ಎರಡೂ ಕಡೆಗೆ ಒಟಿಪಿ ಬರುತ್ತದೆ. ಹಳೆಯ ಪಾಸ್‌ವರ್ಡ್ ಬದಲಿಸಿ. ಆಮೇಲೆ ‘ಇ-ಫೈಲಿಂಗ್ ವಾಲ್ಟ್’ ಎಂಬಲ್ಲಿಗೆ ಹೋಗಿ, ಲಾಗಿನ್‌ಗೂ ಪಾಸ್‌ವರ್ಡ್ ಬದಲಾವಣೆಗೂ ಆಧಾರ್ ಒಟಿಪಿ ಅಥವಾ ನೆಟ್‌ಬ್ಯಾಂಕಿಂಗ್ ಕಡ್ಡಾಯ ಮಾಡಿ. ಆ ಮೇಲೆ ಪಾಸ್‌ವರ್ಡ್ ಗೊತ್ತಿದ್ದವನಿಗೂ ಒಳಹೋಗಲಾಗದು. ಆಧಾರ್ ಒಟಿಪಿಯ ಬೆಲೆ ಇಲ್ಲಿ ತಿಳಿಯಬೇಕು. ರಿಟರ್ನ್ ಸಲ್ಲಿಸಿದ ಮೇಲೆ 30 ದಿನದೊಳಗೆ ದೃಢೀಕರಿಸದಿದ್ದರೆ ಅದಕ್ಕೆ ಆ ದಿನಾಂಕದ ಮಾನ್ಯತೆ ಉಳಿಯದು. ಬಹುಪಾಲು ಜನರ ಮಟ್ಟಿಗೆ ಆ ದೃಢೀಕರಣ ಎಂದರೆ ಆಧಾರ್ ಒಟಿಪಿಯೇ. ರಿಟರ್ನಿನಲ್ಲಿ ಏನು ಬರೆದಿದೆ ಎಂದು ಓದದೆ ಒಟಿಪಿ ಹೇಳುವುದೆಂದರೆ ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಟ್ಟಂತೆ.

ಗಲ್ಫ್‌ಗೆ ಹೋದವರ ಹಳೆಯ ಸಿಮ್‌ನದು ಇನ್ನೊಂದು ಕತೆ. ರೀಚಾರ್ಜ್ ಇಲ್ಲದೆ ಸ್ಥಗಿತವಾದ ಸಂಖ್ಯೆ 90 ದಿನ ಕಳೆದ ಮೇಲೆ ಬೇರೆಯವರಿಗೆ ಸಿಗಬಹುದು. ಪ್ಯಾನ್, ಬ್ಯಾಂಕ್, ಜಿಮೇಲ್ ಮೂರಕ್ಕೂ ಅದೇ ಸಂಖ್ಯೆ ಜೋಡಿಸಿದ್ದರೆ ಒಟಿಪಿಗಳೆಲ್ಲ ಆ ಹೊಸಬರಿಗೆ ಹೋಗುತ್ತವೆ. ಊರು ಬಿಡುವ ಮೊದಲೇ ಸಂಖ್ಯೆ ಬದಲಿಸಿ, ಇಲ್ಲವೇ ಸಿಮ್ ಜೀವಂತ ಇಟ್ಟುಕೊಳ್ಳಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ತಿಳಿಸಬಹುದು.

ಗುರುತು ಕಳವಾಗಿದೆ ಎಂಬುದು ಗೊತ್ತಾಗುವುದು ತಡವಾಗಿ. ಹುಡುಕುವ ಜಾಗಗಳು ಮೂರು. ಪೋರ್ಟಲಿನಲ್ಲಿ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿ ತೆರೆಯಿರಿ. ಕೇಳಿಯೇ ಇಲ್ಲದ ಕಂಪನಿಯ ಸಂಬಳ, ತೆರೆಯದ ಬ್ಯಾಂಕಿನ ಬಡ್ಡಿ, ಮಾಡದ ವ್ಯಾಪಾರದ ವಹಿವಾಟು ಕಂಡರೆ ಯಾರೋ ನಿಮ್ಮ ಪ್ಯಾನ್ ಬಳಸಿದ್ದಾರೆ, ಇಲ್ಲವೇ ಬರೆದವರು ತಪ್ಪಿದ್ದಾರೆ. ಆ ಸಾಲಿನ ಎದುರಿಗೇ ‘ಇದು ಬೇರೆ ಪ್ಯಾನ್‌ಗೆ ಸೇರಿದ್ದು’ ಅಥವಾ ‘ಮಾಹಿತಿಯನ್ನು ನಿರಾಕರಿಸುತ್ತೇನೆ’ ಎಂಬ ಉತ್ತರ ದಾಖಲಿಸಲು ಅವಕಾಶವಿದೆ. ಎರಡನೆಯದು ಜಿಎಸ್‌ಟಿ ತಾಣ. ‘ಸರ್ಚ್ ಬೈ ಪ್ಯಾನ್’ ಎಂಬಲ್ಲಿ ಪ್ಯಾನ್ ಹಾಕಿದರೆ ನಿಮ್ಮ ಹೆಸರಿನ ನೋಂದಣಿಗಳೆಲ್ಲ ಕಾಣುತ್ತವೆ. 15 ಅಕ್ಷರದ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು, ಮುಂದಿನ ಹತ್ತು ನಿಮ್ಮ ಪ್ಯಾನ್. ಕೇರಳಕ್ಕೆ 32, ಕರ್ನಾಟಕಕ್ಕೆ 29. ಬದಿಯಡ್ಕದಲ್ಲಿ ಕುಳಿತವರ ಪ್ಯಾನ್‌ಗೆ 07ರಿಂದ ಶುರುವಾಗುವ ದೆಹಲಿಯ ನೋಂದಣಿ ಅಂಟಿಕೊಂಡಿದ್ದರೆ ಅದೇ ದಿನ ಜಿಎಸ್‌ಟಿ ತಾಣದಲ್ಲೂ ಪೊಲೀಸರಲ್ಲೂ ದೂರು ದಾಖಲಿಸಬೇಕು, ಬಿಟ್ಟರೆ ಲಕ್ಷಗಟ್ಟಲೆ ಬಾಕಿಯ ನೋಟಿಸು ನಿಮ್ಮ ಮನೆಗೇ ಬರುತ್ತದೆ. ಮೂರನೆಯದು ನಿಮ್ಮ ಹೆಸರಿನಲ್ಲಿರುವ ಸಾಲಗಳ ವರದಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದರಂತೆ ತರಿಸಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತಾಯಿತು.

ಪ್ರತಿಗಳು ಸೋರುವುದು ಹೆಚ್ಚಾಗಿ ಜೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್‌ನಿಂದ. ಪ್ರಿಂಟಿಗೆಂದು ಕಳಿಸಿದ ಆಧಾರ್, ಪ್ಯಾನ್, ಪಾಸ್‌ಬುಕ್ ಆ ಫೋನಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ಎದುರಿಗೇ ನಿಂತು ಅಳಿಸಲು ಹೇಳಿ, ಅದರಲ್ಲಿ ದಾಕ್ಷಿಣ್ಯವೇನೂ ಬೇಡ. ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮರೆಮಾಡಿದ ಆಧಾರ್ ಪ್ರತಿ ಸಾಕಾಗುವ ಕಡೆ ಅದನ್ನೇ ಕೊಡಿ. ಪ್ರತಿಯ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ದಿನಾಂಕ ಎಂದು ಬರೆದು ಸಹಿ ಹಾಕಿ.

ಹಣ ಹೋಗಿಯೇಬಿಟ್ಟರೆ? ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರುತ್ತಿರುವಾಗಲೇ ಅದನ್ನು ತಡೆಹಿಡಿಯಲು ಈ ವ್ಯವಸ್ಥೆ ಇದೆ, ನಾಳೆ ಮಾಡೋಣ ಎಂದರೆ ಪ್ರಯೋಜನ ಕಡಿಮೆ. ಖಾತೆ ಸಂಖ್ಯೆ, ಮೊತ್ತ, ಸಮಯ, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಜೊತೆಗೇ ಬ್ಯಾಂಕಿಗೆ ತಿಳಿಸಿ. ಅದರ ಸಂಖ್ಯೆಯನ್ನು ಡೆಬಿಟ್ ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಿ, ಅಂತರ್ಜಾಲದಲ್ಲಿ ಹುಡುಕಬೇಡಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ನಿಮ್ಮ ಕಡೆಯಿಂದಾಗಲಿ ಬ್ಯಾಂಕಿನ ಕಡೆಯಿಂದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಒಟಿಪಿಯನ್ನು ನೀವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ಗಳಿಗೆಯವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದ್ದು ಬ್ಯಾಂಕಿನದು. ಆದ್ದರಿಂದ ನಾಚಿಕೆಯಿಂದ ಸುಮ್ಮನಿದ್ದ ಪ್ರತಿ ನಿಮಿಷಕ್ಕೂ ಬೆಲೆ ಇದೆ. ದೂರು ಸಂಖ್ಯೆ ಬರೆದಿಟ್ಟುಕೊಂಡು, ಅದೇ ದಿನ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಪೂರ್ಣ ದೂರು ದಾಖಲಿಸಿ. ಮನೆ ಮಂಜೇಶ್ವರದಲ್ಲಿ, ಖಾತೆ ಮಂಗಳೂರಿನಲ್ಲಿ ಎಂದು ಠಾಣೆಯಿಂದ ಠಾಣೆಗೆ ಅಲೆಯಬೇಕಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಠಾಣೆ ದೂರು ದಾಖಲಿಸಿಕೊಳ್ಳಬೇಕು ಎಂದು 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ.

ಎಪಿಕೆ ಹಾಕಿಸಿಕೊಂಡಿದ್ದ ಫೋನಿನ ಡೇಟಾ, ವೈಫೈ ಆರಿಸಿ, ಅದರಿಂದ ಯಾವ ಪಾಸ್‌ವರ್ಡನ್ನೂ ಬದಲಿಸಬೇಡಿ. ಬದಲಿಸಿದ್ದನ್ನೂ ಅದು ಓದಬಹುದು. ಬೇರೆ ಫೋನಿನಿಂದ ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಪೋರ್ಟಲ್ ಎಂಬ ಕ್ರಮದಲ್ಲಿ ಬದಲಿಸಿ. ಇಮೇಲ್ ಕೈತಪ್ಪಿದ್ದರೆ ಉಳಿದವುಗಳನ್ನೂ ಅದರಿಂದಲೇ ತೆರೆಯಬಹುದಾದ್ದರಿಂದ ಈ ಕ್ರಮ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್, ರಿಕವರಿ ಸಂಖ್ಯೆ ಮೂರನ್ನೂ ನೋಡಿ. ಬ್ಯಾಂಕಿನ ಮೇಲ್‌ಗಳನ್ನು ಸದ್ದಿಲ್ಲದೆ ತನ್ನ ಕಡೆಗೆ ತಿರುಗಿಸುವ ನಿಯಮವನ್ನು ಕಳ್ಳ ಅಲ್ಲಿ ಇಟ್ಟುಹೋಗಿರಬಹುದು. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಸುಳ್ಳು ಮೇಲ್ ಬಂದು ನಷ್ಟವಾಗದಿದ್ದರೂ ಅದನ್ನು ವೆಬ್‌ಮ್ಯಾನೇಜರ್ ಆ್ಯಟ್ ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಎಂಬ ಇಲಾಖೆಯ ವಿಳಾಸಕ್ಕೆ ಕಳಿಸಿ. ತಾಣ ಮುಚ್ಚಿಸಲು ಅದು ನೆರವಾಗುತ್ತದೆ.

ಕೊನೆಯದಾಗಿ ಜಿಲ್ಲಾಡಳಿತಕ್ಕೂ ಪಂಚಾಯತುಗಳಿಗೂ ಒಂದು ಕೋರಿಕೆ. ಅಕ್ಷಯ ಕೇಂದ್ರಗಳಲ್ಲಿ, ವಿಲೇಜ್ ಆಫೀಸುಗಳಲ್ಲಿ 1930ರ ಫಲಕವನ್ನು ಮಲಯಾಳದ ಜೊತೆಗೆ ಕನ್ನಡದಲ್ಲೂ ಹಾಕಿಸಿ. ರಿಟರ್ನ್ ಮಾಡಿಕೊಡುವ ಯಾವ ಕೇಂದ್ರವೇ ಆಗಲಿ, ಯಾವ ಇಮೇಲ್, ಯಾವ ಮೊಬೈಲ್ ಸಂಖ್ಯೆ, ಯಾವ ಬ್ಯಾಂಕ್ ಖಾತೆ ಹಾಕಿದ್ದೇವೆ ಎಂಬುದನ್ನು ಸ್ವೀಕೃತಿ ಪತ್ರದ ಹಿಂಬದಿಯಲ್ಲಿ ಕೈಬರಹದಲ್ಲಾದರೂ ಬರೆದು, ಸಹಿ ಮಾಡಿ ಕೊಡುವಂತೆ ಸೂಚಿಸಿ. ಅದಕ್ಕೆ ಹೊಸ ಕಾನೂನೂ ಬೇಡ, ಅನುದಾನವೂ ಬೇಡ, ಒಂದು ಪೆನ್ನು ಸಾಕು.

– ಇಬ್ಬರು ತೆರಿಗೆ ಸಲಹೆಗಾರರು,
ಕುಂಬಳೆ, ಕಾಸರಗೋಡು ಜಿಲ್ಲೆ